ನಾಲ್ಕನೇ ಡೋನಟ್

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಒಬ್ಬ ಹುಡುಗಿಯ ಕಥೆ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಆಕೆಗೆ 26 ವರ್ಷ. ಹಗಲು ಕಚೇರಿ ಕೆಲಸ, ರಾತ್ರಿ ಲ್ಯಾಪ್‌ಟಾಪ್. ಎಡಿಟಿಂಗ್, ಅನಿಮೇಷನ್, ವಿಎಫ್ಎಕ್ಸ್ (ಚಿತ್ರೀಕರಿಸಿದ ದೃಶ್ಯಕ್ಕೆ ಕಂಪ್ಯೂಟರ್‌ನಲ್ಲಿ ಇಲ್ಲದ್ದನ್ನು ಸೇರಿಸುವುದು) ಮೂರನ್ನೂ ಆನ್‌ಲೈನ್‌ನಲ್ಲಿ ಕಲಿಯಲು ಶುರುಮಾಡಿ 14 ತಿಂಗಳಾಗಿತ್ತು. ಬಂದು ಕೂತವಳೇ ಕೇಳಿದಳು: "ನನಗೇನಾದರೂ ಗಮನದ ಸಮಸ್ಯೆ ಇದೆಯಾ? ಯಾವುದನ್ನೂ ಮುಗಿಸೋಕೆ ಆಗ್ತಿಲ್ಲ."

ನಿದ್ದೆ, ಹಸಿವು, ಕೆಲಸ, ಗೆಳೆಯರು ಎಲ್ಲ ವಿಚಾರಿಸಿದೆ. ನಿದ್ದೆ ಕಮ್ಮಿ, ಯಾಕಂದರೆ ರಾತ್ರಿ ಒಂದೂವರೆಯವರೆಗೆ ವಿಡಿಯೊ. ಉಳಿದದ್ದು ನೆಟ್ಟಗೇ ಇತ್ತು. ಕಚೇರಿಯಲ್ಲಿ ಹಿಡಿದ ಕೆಲಸ ಬಿಡದ ಹುಡುಗಿ. ಮನೋವೈದ್ಯರ ಬಳಿ ಕಳಿಸಬೇಕಾದಂಥದ್ದು ಕಾಣಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ದಿನಕ್ಕೆ ಎರಡು ಗಂಟೆಯ ವೇಳಾಪಟ್ಟಿ ಹಾಕಿಕೊಟ್ಟೆ. ಮೂರು ವಾರ ಬಿಟ್ಟು ಬಂದಳು. ಒಂದು ದಿನವೂ ತಪ್ಪಿಸಿರಲಿಲ್ಲ, ಒಂದು ಕೋರ್ಸ್ ಪೂರ್ತಿ ನೋಡಿ ಮುಗಿಸಿದ್ದಳು. ಏನು ಮಾಡಿದಿರಿ ಅಂತ ಕೇಳಿದೆ. ತೋರಿಸಲು ಏನೂ ಇರಲಿಲ್ಲ. ನಾನು ಅಳೆದದ್ದು ನೋಡಿದ ಗಂಟೆಗಳನ್ನು, ಅವಳು ಕೊಟ್ಟದ್ದೂ ಅದನ್ನೇ.

"ಮುಂದಿನ ಸಲ ಲ್ಯಾಪ್‌ಟಾಪ್ ತನ್ನಿ" ಅಂದೆ.

ತಂದಳು. 'ಆಮೇಲೆ ನೋಡಲು' ಅನ್ನೋ ಪಟ್ಟಿಯಲ್ಲಿ 300ಕ್ಕೂ ಹೆಚ್ಚು ವಿಡಿಯೊ. 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್, ಅದರ ಫೋಲ್ಡರ್ ತೆರೆದರೆ ನಾಲ್ಕು ಡೋನಟ್! ಬ್ಲೆಂಡರ್ ಕಲಿಯುವವರಿಗೆ ಈ ಡೋನಟ್ ಗೊತ್ತಿರುತ್ತದೆ. ಬ್ಲೆಂಡರ್ ಗುರು ಚಾನೆಲ್‌ನ ಆಂಡ್ರ್ಯೂ ಪ್ರೈಸ್ ಅವರ ಪಾಠ, ಲೋಕದಲ್ಲಿ ಅರ್ಧ ಜನ ಅದರಿಂದಲೇ ಶುರುಮಾಡುತ್ತಾರೇನೋ ಅನ್ನಿಸುತ್ತದೆ. ಸಾಫ್ಟ್‌ವೇರ್ ಬದಲಾದಂತೆ ಆ ಪಾಠವೂ ಹೊಸದಾಗಿ ಬಂದಿದೆ. ಇವಳು ಪ್ರತಿ ಸಲ ಮೊದಲಿಂದ ಶುರು. ಮೊದಲ ಮೂರು ಡೋನಟ್ ಚೆನ್ನಾಗಿದ್ದವು, ಒಂದಕ್ಕಿಂತ ಒಂದು ನುಣುಪು. ನಾಲ್ಕನೆಯದಕ್ಕೆ ಇನ್ನೂ ಸಕ್ಕರೆ ಲೇಪ ಹತ್ತಿರಲಿಲ್ಲ.

"ಡೋನಟ್ ಅಲ್ಲದೆ ಬೇರೆ ಏನಾದರೂ?" ಅಂದೆ. ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ, "ಪಾಠದಲ್ಲಿ ಮಾಡಿದ್ದು ಕೆಟ್ಟರೆ ಅದು ಪಾಠ. ನನ್ನದೇ ಮಾಡಿ ಕೆಟ್ಟರೆ ಅದು ನಾನು" ಅಂದಳು.

ಅಲ್ಲಿಗೆ ಗಮನದ ಪ್ರಶ್ನೆ ಮುಗಿಯಿತು. ಪಾಠಗಳು ಇವಳಿಗೆ ಅಡಗಿಕೊಳ್ಳುವ ಜಾಗ ಆಗಿದ್ದವು. ಒಳ್ಳೆಯ ಜಾಗವೇ, ಬೆಚ್ಚಗಿರುತ್ತದೆ. ಕಲಿಯುತ್ತಿದ್ದೇನೆ ಅಂದರೆ ಯಾರೂ ಬೈಯುವುದಿಲ್ಲ, ಅಲ್ವಾ?

ಇನ್ನೊಂದು ಗಾಯವೂ ಇತ್ತು. ಶುರುವಿನಲ್ಲಿ ಅವಳು ನೋಡಿದ ಒಂದು ಪಾಠದಲ್ಲಿ ಹೇಳಿದ ಬಟನ್ ಅವಳ ಪರದೆಯಲ್ಲಿ ಇರಲೇ ಇಲ್ಲ. ಎರಡು ರಾತ್ರಿ ಹುಡುಕಿ, ನನಗೆ ತಲೆ ಇಲ್ಲ ಅಂತ ತೀರ್ಮಾನ ಮಾಡಿದ್ದಳು. ವಿಡಿಯೊ 2017ರದು. 2019ರಲ್ಲಿ ಬ್ಲೆಂಡರ್ 2.80 ಬಂದಾಗ ಪರದೆಯ ರೂಪವೇ ಬದಲಾಯಿತು. ವಸ್ತುವನ್ನು ಆರಿಸಲು ಅಲ್ಲಿಯವರೆಗೆ ಮೌಸ್‌ನ ಬಲಗಡೆ ಒತ್ತಬೇಕಿತ್ತು, ಆಮೇಲೆ ಎಡಗಡೆ. ಅವಳ ತಲೆ ಸರಿಯಾಗೇ ಇತ್ತು, ಪಾಠ ಹಳೆಯದು. ಇದನ್ನು ತೋರಿಸಿದಾಗ ನಕ್ಕಳು, ಕಣ್ಣಲ್ಲಿ ನೀರೂ ಬಂತು. ಒಂದು ಬಟನ್‌ಗೆ ವರ್ಷವಿಡೀ ತನ್ನನ್ನು ಬೈದುಕೊಂಡಿದ್ದಳು.

ಆಗ ಹೇಳಿದ್ದು: ಪಾಠ ತೆರೆದ ತಕ್ಷಣ ಅದು ಯಾವ ವರ್ಷದ್ದು, ಯಾವ ಆವೃತ್ತಿಯದು ಅಂತ ನೋಡಿ. ಹಳೆಯ ಪಾಠ ಬೇಕೇ ಬೇಕು ಅಂದರೆ ಹಳೆಯ ಆವೃತ್ತಿಯನ್ನೇ ಇಳಿಸಿಕೊಳ್ಳಿ, ಬ್ಲೆಂಡರ್‌ನ ತಾಣದಲ್ಲಿ ಅವೆಲ್ಲ ಇವೆ. ಹೊಸ ಕೋರ್ಸ್ ಸದ್ಯಕ್ಕೆ ಕೊಳ್ಳಬೇಡಿ. ಕೊಳ್ಳಲೇಬೇಕಾದ ದಿನ ಬಂದರೆ, ಅಭ್ಯಾಸಕ್ಕೆ ಫೂಟೇಜ್ (ಚಿತ್ರೀಕರಿಸಿದ ಕಚ್ಚಾ ದೃಶ್ಯ) ಕೊಡುತ್ತಾರಾ, ನೀವು ಮಾಡಿದ್ದನ್ನು ಯಾರಾದರೂ ಕೂತು ನೋಡುತ್ತಾರಾ ಅಂತ ಕೇಳಿ. ಕೆಲಸ ಗ್ಯಾರಂಟಿ ಅನ್ನುವವರಿಂದ ದೂರ ಇರಿ.

ನಿಜವಾದ ಸಲಹೆ ಬೇರೆ ಇತ್ತು. ಮೂರೂ ವಿದ್ಯೆ ಅಕ್ಕಪಕ್ಕ ಇರುತ್ತವೆ, ಆದರೆ ಬೇಡುವ ಮನಸ್ಸು ಬೇರೆ ಬೇರೆ. ಎಡಿಟಿಂಗ್ ಅಂದರೆ ಇರುವುದರಲ್ಲಿ ಆರಿಸೋದು, ಚೆನ್ನಾಗಿರುವುದನ್ನೂ ಬಿಸಾಡೋದು. ಅನಿಮೇಷನ್‌ನಲ್ಲಿ ಏನೂ ಇರುವುದಿಲ್ಲ. ಒಂದು ಸೆಕೆಂಡಿಗೆ 24 ಫ್ರೇಮ್, ಎರಡು ಫ್ರೇಮಿಗೆ ಒಂದು ಚಿತ್ರ ಅಂದರೂ 12 ಚಿತ್ರ ಬೇಕು. ವಿಎಫ್ಎಕ್ಸ್‌ನಲ್ಲಿ ನೀವು ಚೆನ್ನಾಗಿ ಮಾಡಿದರೆ ನೀವು ಮಾಡಿದ್ದೀರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇದರಲ್ಲಿ ಯಾವುದು ನಿಮ್ಮದು ಅಂತ ಯೋಚಿಸಿದರೆ ತಿಳಿಯದು, ಕೈಯೇ ಹೇಳಬೇಕು.

ಹಾಗಾಗಿ ಒಂದೊಂದಕ್ಕೆ ಎರಡು ವಾರ. ಅನಿಮೇಷನ್‌ಗೆ ಖಾನ್ ಅಕಾಡೆಮಿಯಲ್ಲಿರುವ 'ಪಿಕ್ಸಾರ್ ಇನ್ ಎ ಬಾಕ್ಸ್'ನ ಪುಟಿಯುವ ಚೆಂಡಿನ ಪಾಠ. ಪುಕ್ಕಟೆ ಸಿಗುತ್ತದೆ. ವಿಎಫ್ಎಕ್ಸ್‌ಗೆ ಬ್ಲೆಂಡರ್ ಫೌಂಡೇಷನ್ 2012ರಲ್ಲಿ ಹೊರತಂದ 'ಟಿಯರ್ಸ್ ಆಫ್ ಸ್ಟೀಲ್' ಕಿರುಚಿತ್ರದ ಮೂಲ ಫೂಟೇಜ್. ಅದನ್ನು ಎಲ್ಲರ ಬಳಕೆಗೆ ಬಿಟ್ಟಿದ್ದಾರೆ. ಹಸಿರು ಪರದೆಯ ಮುಂದೆ ತೆಗೆದ ಒಂದೇ ಒಂದು ಶಾಟ್ ತೆಗೆದುಕೊಂಡು ಹಿನ್ನೆಲೆ ಬದಲಾಯಿಸಿ ಅಂದೆ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಸಾಕು. ಅದನ್ನು ತಯಾರಿಸುವ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್‌ನವರೇ ಪಾಠದ ಪುಸ್ತಕಗಳನ್ನೂ ಅಭ್ಯಾಸದ ಫೈಲುಗಳನ್ನೂ ತಮ್ಮ ತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಫೂಟೇಜ್ ಮಾತ್ರ ಅವಳ ಫೋನಿನಲ್ಲೇ ತೆಗೆಯಬೇಕು.

ನಿಯಮ ಎರಡೇ. ಪಾಠ ಒಮ್ಮೆ ನೋಡಿ, ಮುಚ್ಚಿ, ನೆನಪಿನಿಂದ ಮಾಡಬೇಕು. ಎರಡು ವಾರದ ಕೊನೆಗೆ ಒಬ್ಬರಿಗೆ ತೋರಿಸಬೇಕು, ಎಷ್ಟೇ ಕೆಟ್ಟದಾಗಿದ್ದರೂ. ಎರಡನೆಯದು ಕೇಳಿ ಮುಖ ಬಾಡಿತು. ಮೊದಲ ಸಲ ನನಗೇ ತೋರಿಸಿ ಅಂದೆ. ನನಗೆ ಈ ವಿದ್ಯೆ ಗೊತ್ತಿಲ್ಲ, ಅದೇ ಅನುಕೂಲ.

ಚೆಂಡು ಪುಟಿಯಿತು. ನೆಲ ಮುಟ್ಟುವಾಗ ಚಪ್ಪಟೆಯಾಗಿ ಮೇಲೇಳುವಾಗ ಉದ್ದ ಆಗುತ್ತಿತ್ತು. ಒಪ್ಪವಾಗಿತ್ತು, ಆದರೆ ಅವಳಿಗೆ ಅದರ ಬಗ್ಗೆ ಹೇಳಲು ಏನೂ ಇರಲಿಲ್ಲ. ಹಸಿರು ಪರದೆಯ ಶಾಟ್‌ನಲ್ಲಿ ಕೂದಲಿನ ಅಂಚಿಗೇ ಆರು ರಾತ್ರಿ ಹೋಯಿತು. "ಬೇಜಾರಾಗಲಿಲ್ಲ, ಆದರೆ ಮತ್ತೆ ಬೇಡ" ಅಂದಳು.

ಮೂರನೆಯದು ಒಂದು ನಿಮಿಷದ ತುಣುಕು. ಒಬ್ಬಾಕೆ ಕಾಯುತ್ತಿರುತ್ತಾಳೆ, ಬಾಗಿಲು ಬಡಿದ ಸದ್ದು, ತಲೆ ಎತ್ತುತ್ತಾಳೆ. ಅಷ್ಟೇ. ಇದನ್ನು ತೋರಿಸುವಾಗ ಅವಳು ಕೂರಲೇ ಇಲ್ಲ. ಒಂದೇ ಜಾಗವನ್ನು ನಾಲ್ಕು ಸಲ ಹಾಕಿ ತೋರಿಸಿದಳು. ಬಾಗಿಲಿನ ಸದ್ದು ಬಾಗಿಲು ಕಾಣುವ ಮುಂಚೆಯೇ ಬರಬೇಕು, ಎಂಟು ಫ್ರೇಮ್ ಮುಂಚೆ. ಹನ್ನೆರಡಾದರೆ ಜಾಸ್ತಿ, ನಾಲ್ಕಾದರೆ ಗೊತ್ತೇ ಆಗಲ್ಲ. "ಕೇಳಿಸ್ತಾ?" ಅಂದಳು. ಕೇಳಿಸಿತು. ಎಂಟರಲ್ಲಿ ಆ ಹೆಂಗಸಿನ ಮುಖಕ್ಕೆ ಭಯ ಬರುತ್ತಿತ್ತು. ಮುಖ ಅದೇ, ನಟನೆ ಅದೇ.

ಒಂದು ಕಡೆ ಕೈ ಇರುವ ಜಾಗ ಎರಡು ಶಾಟ್‌ಗಳಲ್ಲಿ ಹೊಂದುತ್ತಿರಲಿಲ್ಲ. ಅದಕ್ಕೆ ಇಡೀ ತುಣುಕು ಬಿಸಾಡಲು ಹೊರಟಿದ್ದಳಂತೆ. ಆಮೇಲೆ ಎಲ್ಲೋ ಹಾಲಿವುಡ್‌ನ ಸಂಕಲನಕಾರ ವಾಲ್ಟರ್ ಮರ್ಚ್ ಅವರ ಲೆಕ್ಕ ಓದಿದ್ದಾಳೆ. ಕಟ್ ಸರಿಯಾ ಅಂತ ನೋಡುವಾಗ ಅವರು ಭಾವಕ್ಕೆ ಶೇ 51 ಕೊಡುತ್ತಾರೆ, ದೃಶ್ಯದಲ್ಲಿ ಯಾರು ಎಲ್ಲಿದ್ದಾರೆ ಅನ್ನುವ ಹೊಂದಾಣಿಕೆಗೆ ಬರೀ 4. ಕೈ ಅಲ್ಲೇ ಇರಲಿ ಅಂತ ಬಿಟ್ಟಳು. ಇದು ನಾನು ಹೇಳಿಕೊಟ್ಟದ್ದಲ್ಲ. ಕೆಲಸ ಕೈಯಲ್ಲಿದ್ದಾಗ ಓದಿದ್ದು ಎಲ್ಲಿ ಬೇಕೋ ಅಲ್ಲಿ ಹೋಗಿ ಕೂತಿತ್ತು.

ಎರಡನೇ ನೋಡುಗ ಅವಳ ಸಹೋದ್ಯೋಗಿ. "ಮಧ್ಯೆ ಸ್ವಲ್ಪ ಎಳೀತಿದೆ" ಅಂದನಂತೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ 7 ಸೆಕೆಂಡ್ ಕತ್ತರಿಸಿದಳು.

ಕಚೇರಿ ಕೆಲಸ ಬಿಡಲಾ ಅಂತ ಕೇಳಿದಳು. ಈಗಲೇ ಬೇಡ ಅಂದೆ. ಬೇರೆಯವರು ತೆಗೆದ ಫೂಟೇಜ್ ಮೇಲೆ, ಬೇರೆಯವರ ಗಡುವಿಗೆ ಒಂದೆರಡು ಸಲ ದುಡಿದು ನೋಡಿ, ಆಮೇಲೆ ಮಾತಾಡೋಣ. ಮಂದಿಯ ಶೋರೀಲ್ (ತಮ್ಮ ಕೆಲಸದ ಆಯ್ದ ತುಣುಕುಗಳ ವಿಡಿಯೊ) ನೋಡಿ ಕುಗ್ಗುವುದು ಇನ್ನೂ ಹೋಗಿಲ್ಲ, ಅದರ ಮೇಲೆ ಕೆಲಸ ನಡೆದಿದೆ. ಎರಡು ನಿಮಿಷದಲ್ಲಿ ಮಿನುಗುವುದು ಹಲವು ವರ್ಷಗಳ, ಹಲವು ಕೈಗಳ ಕೆಲಸ ಅಂತ ಅವಳಿಗೆ ಗೊತ್ತು. ಗೊತ್ತಿದ್ದರೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತದಂತೆ.

ಆ 300 ವಿಡಿಯೊಗಳ ಪಟ್ಟಿ ಅಳಿಸಿಬಿಡಲಾ ಅಂತಲೂ ಕೇಳಿದ್ದಳು. ಇರಲಿ ಬಿಡಿ ಅಂದಿದ್ದೆ. ಕಳೆದ ವಾರ ಒಮ್ಮೆ ತೆರೆದಳಂತೆ. ತುಣುಕಿನಲ್ಲಿ ಫ್ಯಾನಿನ ಗುಂಯ್ ಸದ್ದು ಕೇಳಿಸುತ್ತಿತ್ತು, ಅದನ್ನು ತೆಗೆಯೋದು ಹೇಗೆ ಅಂತ ಹುಡುಕಲು. ಆರು ನಿಮಿಷ ನೋಡಿ, ಬೇಕಾದದ್ದು ಸಿಕ್ಕಿದ ಮೇಲೆ ಮುಚ್ಚಿದಳು.