ಗೋದಾಮು ಮತ್ತು ಸಾಗಣೆಗೆ ಡಿಜಿಟಲ್ ಟ್ವಿನ್ ನಿಜವಾಗಿಯೂ ಉಪಯುಕ್ತವೇ? ಎಲ್ಲಿಂದ ಆರಂಭಿಸಬೇಕು?

ನಿಮ್ಮ ಕಂಪನಿಗೆ ಮೂರು ಗೋದಾಮುಗಳಿವೆ, ಬಾಡಿಗೆ ಲಾರಿಗಳಲ್ಲಿ ಸರಕು ಸಾಗುತ್ತದೆ, ದಾಸ್ತಾನು ಮತ್ತು ಆರ್ಡರ್‌ಗಳ ಲೆಕ್ಕವೆಲ್ಲ ಇಆರ್‌ಪಿಯಲ್ಲಿದೆ (ಕಂಪನಿಯ ವ್ಯವಹಾರಗಳನ್ನೆಲ್ಲ ಒಂದೆಡೆ ದಾಖಲಿಸುವ ಸಾಫ್ಟ್‌ವೇರ್). ಈಗ ಸಾಫ್ಟ್‌ವೇರ್ ಸಂಸ್ಥೆಯೊಂದು ಇಡೀ ಪೂರೈಕೆ ಸರಪಳಿಗೆ ಡಿಜಿಟಲ್ ಟ್ವಿನ್, ಅಂದರೆ ನಿಜವಾದ ಕೆಲಸದ ಜೊತೆಜೊತೆಗೇ ಬದಲಾಗುತ್ತ ಹೋಗುವ ಕಂಪ್ಯೂಟರ್ ಮಾದರಿ, ಕಟ್ಟಿಕೊಡುವುದಾಗಿ ಹೇಳುತ್ತಿದೆ. ಅದು ಈಗಿರುವ ಡ್ಯಾಶ್‌ಬೋರ್ಡ್‌ಗಿಂತ ಹೇಗೆ ಬೇರೆ, ಹಾಕಿದ ಹಣ ಹುಟ್ಟುತ್ತದೆಯೇ, ಎಲ್ಲಿಂದ ಕೈಹಾಕಬೇಕು ಎಂದು ನೀವು ಕೇಳಿದ್ದೀರಿ. ಗೋದಾಮು ಮತ್ತು ಸಾಗಣೆಗೆ ಇಂಥ ಮಾದರಿಗಳನ್ನು ಕಟ್ಟುವುದೇ ಹಲವು ವರ್ಷಗಳಿಂದ ನನ್ನ ಉದ್ಯೋಗವಾಗಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಉಪಯೋಗ ಖಂಡಿತ ಇದೆ. ಆದರೆ ಇಡೀ ಸರಪಳಿಯನ್ನು ಒಂದೇ ಸಲಕ್ಕೆ ಹಿಡಿಯಲು ಹೋಗಬೇಡಿ. ಪ್ರತಿದಿನ ಯಾರೋ ಒಬ್ಬರು ತೆಗೆದುಕೊಳ್ಳಲೇಬೇಕಾದ ಒಂದು ನಿರ್ಧಾರವನ್ನು ಆರಿಸಿಕೊಂಡು, ಅದಕ್ಕೆ ಬೇಕಾದಷ್ಟೇ ಟ್ವಿನ್ ಕಟ್ಟಿಸಿ.

ಡ್ಯಾಶ್‌ಬೋರ್ಡ್ ಆಗಿಹೋದದ್ದನ್ನೂ ಈಗ ಆಗುತ್ತಿರುವುದನ್ನೂ ತೋರಿಸುತ್ತದೆ. ನಾಳೆ ಎರಡನೆಯ ಪಾಳಿಯಲ್ಲಿ ಒಂದು ಫೋರ್ಕ್‌ಲಿಫ್ಟ್ ಕೆಟ್ಟು ನಿಂತರೆ ಸಂಜೆಯ ರವಾನೆಗೆ ಎಷ್ಟು ಆರ್ಡರ್ ತಪ್ಪಿಹೋಗುತ್ತದೆ ಎಂದು ಕೇಳಿದರೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಸಾಮಾನ್ಯ ಸಿಮ್ಯುಲೇಷನ್ (ಕೆಲಸವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವ ಮಾದರಿ) ಆ ಉತ್ತರವನ್ನು ಕೊಡಬಲ್ಲದಾದರೂ, ಅದು ಕಟ್ಟಿದ ದಿನದ ಅಂಕಿಅಂಶಗಳನ್ನೇ ನಂಬಿಕೊಂಡಿರುತ್ತದೆ. ಆರು ತಿಂಗಳು ಕಳೆದರೆ ಗೋದಾಮು ಬದಲಾಗಿರುತ್ತದೆ, ಮಾದರಿ ಹಾಗೆಯೇ ಉಳಿದಿರುತ್ತದೆ. ಡಿಜಿಟಲ್ ಟ್ವಿನ್ ನಿಜವಾದ ಗೋದಾಮಿನ ಈ ಹೊತ್ತಿನ ಸ್ಥಿತಿಯನ್ನು ತಾನಾಗಿ ಪಡೆದುಕೊಂಡು, ಅಲ್ಲಿಂದ ಮುಂದಿನ ಕೆಲವು ಗಂಟೆ ಅಥವಾ ದಿನಗಳನ್ನು ಲೆಕ್ಕಹಾಕಿ, ಸಿಕ್ಕ ಫಲಿತಾಂಶವನ್ನು ಮತ್ತೆ ಗೋದಾಮಿನ ಕೆಲಸಕ್ಕೆ ತಲುಪಿಸುತ್ತದೆ. ವರ್ನರ್ ಕ್ರಿಟ್ಜಿಂಗರ್ ಮತ್ತು ಸಂಗಡಿಗರು 2018ರ ಪ್ರಬಂಧವೊಂದರಲ್ಲಿ ಇದನ್ನು ಚೆನ್ನಾಗಿ ವಿಂಗಡಿಸಿದ್ದಾರೆ. ಮಾಹಿತಿಯನ್ನು ಕೈಯಿಂದ ತುಂಬಬೇಕಾದರೆ ಅದು ಡಿಜಿಟಲ್ ಮಾಡೆಲ್, ವಾಸ್ತವದಿಂದ ಮಾದರಿಗೆ ಮಾತ್ರ ತಾನಾಗಿ ಹರಿದರೆ ಡಿಜಿಟಲ್ ಶ್ಯಾಡೋ, ಎರಡೂ ಕಡೆಗೆ ಹರಿದರೆ ಡಿಜಿಟಲ್ ಟ್ವಿನ್. ಟ್ವಿನ್ ಎಂಬ ಹೆಸರಿನಲ್ಲಿ ನನ್ನ ಮುಂದೆ ಬಂದ ಪ್ರಸ್ತಾವಗಳಲ್ಲಿ ಹೆಚ್ಚಿನವು ಈ ವಿಂಗಡಣೆಯ ಪ್ರಕಾರ ಶ್ಯಾಡೋಗಳೇ. ಅದರಲ್ಲಿ ತಪ್ಪೇನೂ ಇಲ್ಲ, ಬಹಳಷ್ಟು ಗೋದಾಮುಗಳಿಗೆ ಅಷ್ಟು ಸಿಕ್ಕರೆ ಸಾಕು. ಆದರೆ ನಿಮಗೆ ಕೊಡುತ್ತಿರುವುದು ಯಾವುದು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಈ ಕಲ್ಪನೆ ಬಂದದ್ದು ಯಂತ್ರಗಳ ಲೋಕದಿಂದ. 1970ರ ಏಪ್ರಿಲ್‌ನಲ್ಲಿ ಅಪೊಲೊ 13ರ ಆಮ್ಲಜನಕದ ಟ್ಯಾಂಕ್ ಸ್ಫೋಟಿಸಿದಾಗ, ಗಗನಯಾತ್ರಿಗಳು ಮಾಡಬೇಕಾದ ಕ್ರಮಗಳನ್ನು ಭೂಮಿಯ ಮೇಲಿನ ಸಿಮ್ಯುಲೇಟರ್‌ಗಳಲ್ಲಿ ಮೊದಲು ಪರೀಕ್ಷಿಸಿ ನೋಡಲಾಯಿತು. ಮೈಕೆಲ್ ಗ್ರೀವ್ಸ್ 2002ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಉತ್ಪನ್ನಗಳ ಜೀವನಚಕ್ರದ ಸಂದರ್ಭದಲ್ಲಿ ಇದೇ ಕಲ್ಪನೆಯನ್ನು ಮಂಡಿಸಿದರು. ಡಿಜಿಟಲ್ ಟ್ವಿನ್ ಎಂಬ ಹೆಸರು ಬಳಕೆಗೆ ಬಂದದ್ದು 2010ರ ಹೊತ್ತಿಗೆ, ನಾಸಾದಲ್ಲಿ. ಜೆಟ್ ಎಂಜಿನ್ನಿನ ಟ್ವಿನ್‌ಗೂ ಪೂರೈಕೆ ಸರಪಳಿಯ ಟ್ವಿನ್‌ಗೂ ಒಂದು ಮೂಲಭೂತ ವ್ಯತ್ಯಾಸವಿದೆ, ಅದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಎಂಜಿನ್ ಭೌತಶಾಸ್ತ್ರದ ನಿಯಮಗಳಿಗೆ ಒಳಪಟ್ಟಿದೆ, ಸೆನ್ಸರ್ ಇಟ್ಟರೆ ಅದರ ಸ್ಥಿತಿ ತಿಳಿಯುತ್ತದೆ. ಸರಪಳಿಯೋ ಮನುಷ್ಯರ ತೀರ್ಮಾನಗಳಿಂದ ನಡೆಯುತ್ತದೆ. ಸರಕು ಸಿಗದೇ ಹೋಗಬಹುದೆಂಬ ಅಂಜಿಕೆಯಿಂದ ಅಂಗಡಿಯವರು ಬೇಕಾದದ್ದಕ್ಕಿಂತ ಹೆಚ್ಚು ಆರ್ಡರ್ ಕೊಡುತ್ತಾರೆ, ವಿತರಕರು ಅದಕ್ಕೆ ಇನ್ನಷ್ಟು ಸೇರಿಸುತ್ತಾರೆ, ಕಾರ್ಖಾನೆಗೆ ತಲುಪುವ ಹೊತ್ತಿಗೆ ಸಣ್ಣ ಏರಿಳಿತ ದೊಡ್ಡ ಅಲೆಯಾಗಿರುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ ಇದನ್ನು 1950ರ ದಶಕದ ಕೊನೆಯಲ್ಲೇ ಗಣಿತದ ಮಾದರಿಗಳಿಂದ ತೋರಿಸಿದ್ದರು. ಹಾಗಾಗಿ ಲಾರಿ, ಪ್ಯಾಲೆಟ್ (ಸರಕು ಜೋಡಿಸಿಡುವ ಚಪ್ಪಟೆ ಹಲಗೆ), ರ‍್ಯಾಕ್‌ಗಳನ್ನು ಮೂರು ಆಯಾಮಗಳಲ್ಲಿ ಎಷ್ಟು ಚೆಂದವಾಗಿ ತೋರಿಸಿದರೂ, ಯಾರು ಯಾವಾಗ ಎಷ್ಟು ಆರ್ಡರ್ ಮಾಡುತ್ತಾರೆ ಎಂಬ ನಿಯಮಗಳು ಮಾದರಿಯೊಳಗೆ ಇಲ್ಲದಿದ್ದರೆ ಅದು ಸರಪಳಿಯ ಟ್ವಿನ್ ಆಗುವುದಿಲ್ಲ.

ಇನ್ನು ಹಣ ಹುಟ್ಟುವ ಪ್ರಶ್ನೆ. ಹೆಚ್ಚಿನ ಕಂಪನಿಗಳಲ್ಲಿ ಯೋಜನೆ ನಡೆಯುವುದು ಎಕ್ಸೆಲ್‌ನಲ್ಲಿ, ಸರಾಸರಿಗಳ ಮೇಲೆ. ಒಂದು ಡಾಕ್ (ಲಾರಿ ಹಚ್ಚಿ ಸರಕು ಇಳಿಸುವ ಜಾಗ) ಇದೆ, ಲಾರಿ ಇಳಿಸಲು ಸರಾಸರಿ 30 ನಿಮಿಷ ಹಿಡಿಯುತ್ತದೆ, ಲಾರಿಗಳು ಗೊತ್ತಾದ ಹೊತ್ತಿಲ್ಲದೆ ಬರುತ್ತವೆ, ಇಳಿಸುವ ಸಮಯವೂ ಏರುಪೇರಾಗುತ್ತದೆ ಎಂದುಕೊಳ್ಳಿ. ಸರತಿ ಸಿದ್ಧಾಂತದ (ಸಾಲಿನಲ್ಲಿ ಕಾಯುವುದರ ಗಣಿತ) ಅತ್ಯಂತ ಸರಳ ಮಾದರಿಯ ಪ್ರಕಾರ, ಡಾಕ್ ಶೇ. 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಒಂದು ಲಾರಿ ಸರಾಸರಿ 2 ಗಂಟೆ ಕಾಯಬೇಕು. ಶೇ. 90 ಆದರೆ ಕಾಯುವಿಕೆ ನಾಲ್ಕೂವರೆ ಗಂಟೆಗೆ ಏರುತ್ತದೆ, ಶೇ. 95 ಆದರೆ ಒಂಬತ್ತೂವರೆ ಗಂಟೆಗೆ. ಡಾಕ್ ಇನ್ನೂ ಶೇ. 5ರಷ್ಟು ಖಾಲಿ ಇದೆ ಎಂದು ಎಕ್ಸೆಲ್ ಹಾಳೆ ಹೇಳುತ್ತಿರುವಾಗಲೇ ಹೊರಗೆ ರಸ್ತೆಯವರೆಗೂ ಲಾರಿಗಳ ಸಾಲು ನಿಂತಿರುತ್ತದೆ. ನಿಜವಾದ ಗೋದಾಮಿನಲ್ಲಿ ಹಲವು ಡಾಕ್‌ಗಳಿರುತ್ತವೆ, ಬರುವ ಹೊತ್ತನ್ನು ಕಾಯ್ದಿರಿಸುವ ಪದ್ಧತಿ ಇರುತ್ತದೆ, ಆಗ ಅಂಕಿಗಳು ಇಷ್ಟು ಉಗ್ರವಾಗಿರುವುದಿಲ್ಲ, ಆದರೆ ಏರಿಕೆಯ ರೀತಿ ಇದೇ. ದಾಸ್ತಾನಿನಲ್ಲೂ ಹೀಗೆಯೇ. ಒಂದು ವಸ್ತುವಿನ ಬೇಡಿಕೆ ದಿನಕ್ಕೆ ಸರಾಸರಿ 100 ಪೆಟ್ಟಿಗೆ, ಅದರ ಪ್ರಮಾಣಿತ ವಿಚಲನೆ (ಸರಾಸರಿಯ ಸುತ್ತ ಏರಿಳಿಯುವ ಅಳತೆ) 20. ಲೀಡ್ ಟೈಮ್ (ಆರ್ಡರ್ ಕೊಟ್ಟಾಗಿನಿಂದ ಸರಕು ಕೈಸೇರುವವರೆಗಿನ ಸಮಯ) ಸರಾಸರಿ 10 ದಿನ, ಅದರ ವಿಚಲನೆ 3 ದಿನ ಎಂದಿಟ್ಟುಕೊಂಡರೆ, ಬೇಡಿಕೆಯ ಏರಿಳಿತದಿಂದ ಬರುವ ಅನಿಶ್ಚಿತತೆ ಸುಮಾರು 63 ಪೆಟ್ಟಿಗೆ, ಲೀಡ್ ಟೈಮಿನ ಏರಿಳಿತದಿಂದ ಬರುವುದು 300 ಪೆಟ್ಟಿಗೆ. ಆದರೂ ಬೇಡಿಕೆಯ ಮುನ್ಸೂಚನೆಯನ್ನು ಇನ್ನಷ್ಟು ನಿಖರಗೊಳಿಸಲು ಎಷ್ಟು ಶ್ರಮ, ಎಷ್ಟು ಹಣ ಸುರಿಯಲಾಗುತ್ತದೆ! ಲಾರಿ ಎಲ್ಲಿ ನಿಂತಿದೆ, ಸರಕು ಯಾವ ದಿನ ಕೈಸೇರುತ್ತದೆ ಎಂಬುದನ್ನು ದಿನದಿನಕ್ಕೆ ತಿದ್ದಿಕೊಳ್ಳುವ ಟ್ವಿನ್, ಸೇಫ್ಟಿ ಸ್ಟಾಕ್ (ಏರುಪೇರಿಗೆಂದು ಇಟ್ಟುಕೊಳ್ಳುವ ಹೆಚ್ಚುವರಿ ದಾಸ್ತಾನು) ಇಳಿಸುವ ವಿಷಯದಲ್ಲಿ ಅದಕ್ಕಿಂತ ಹೆಚ್ಚು ಫಲ ಕೊಡಬಲ್ಲದು.

ಇಷ್ಟು ಗಣಿತ ಯಾವ ಪಠ್ಯಪುಸ್ತಕದಲ್ಲಾದರೂ ಸಿಗುತ್ತದೆ. ಟ್ವಿನ್ ಉಳಿಯುವುದೋ ಸಾಯುವುದೋ ನಿರ್ಧಾರವಾಗುವುದು ಗೋದಾಮಿನ ನೆಲದ ಮೇಲೆ, ಒಂದೊಂದು ಘಟನೆಯ ಹೊತ್ತನ್ನು ದಾಖಲಿಸುವ ಜಾಗದಲ್ಲಿ. ಒಂದು ಲಾರಿಯನ್ನೇ ತೆಗೆದುಕೊಳ್ಳಿ. ಅದು ಗೇಟಿಗೆ ಬಂದದ್ದು, ಡಾಕಿಗೆ ಹಚ್ಚಿದ್ದು, ಮೊದಲ ಪ್ಯಾಲೆಟ್ ಇಳಿದದ್ದು, ಕೊನೆಯದು ಇಳಿದದ್ದು, ಲಾರಿ ಗೇಟ್ ದಾಟಿ ಹೊರಟದ್ದು, ಹೀಗೆ ಕನಿಷ್ಠ ಐದು ಹೊತ್ತುಗಳು ಬೇಕು. ಬಹುತೇಕ ಕಡೆ ಗೇಟಿನ ಎರಡು ಹೊತ್ತುಗಳು ಸೆಕ್ಯುರಿಟಿಯವರ ಪುಸ್ತಕದಲ್ಲಿರುತ್ತವೆ, ಡಾಕಿನ ಹೊತ್ತು ಎಲ್ಲಿಯೂ ಇರುವುದಿಲ್ಲ, ಸರಕು ಸ್ವೀಕರಿಸಿದ ಹೊತ್ತು ಮಾತ್ರ ಇಆರ್‌ಪಿಯಲ್ಲಿರುತ್ತದೆ. ಆ ಹೊತ್ತೂ ಎಷ್ಟೋ ಸಲ ನಿಜವಲ್ಲ. ಇಳಿಸುವವರು ಎಲ್ಲ ಪ್ಯಾಲೆಟ್‌ಗಳನ್ನು ಮೊದಲು ನೆಲಕ್ಕಿಳಿಸಿ, ಲಾರಿ ಬಿಟ್ಟುಕೊಟ್ಟು, ಆಮೇಲೆ ಸ್ಕ್ಯಾನರ್ ಹಿಡಿದು ಸಾಲಾಗಿ ಎಲ್ಲದರ ಬಾರ್‌ಕೋಡ್ ಓದಿಸುತ್ತಾರೆ. ಅವರ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ, ಕೈಗೆ ಅನುಕೂಲ, ಲಾರಿಯೂ ಬೇಗ ಬಿಡುಗಡೆಯಾಗುತ್ತದೆ. ಆದರೆ ದಾಖಲೆಯಲ್ಲಿ 26 ಪ್ಯಾಲೆಟ್‌ಗಳು ಮೂರೇ ನಿಮಿಷದಲ್ಲಿ ಇಳಿದಂತೆ ಕಾಣುತ್ತದೆ. ಅದನ್ನು ಓದಿದ ಟ್ವಿನ್, ಈ ಡಾಕ್ ಗಂಟೆಗೆ 500 ಪ್ಯಾಲೆಟ್ ಇಳಿಸಬಲ್ಲದು ಎಂದು ಕಲಿಯುತ್ತದೆ. ಮರುದಿನದ ಯೋಜನೆಯಲ್ಲಿ ಅದು ಒಂದೇ ಡಾಕಿಗೆ ಲಾರಿಗಳನ್ನು ತುರುಕಿದಾಗ, ಪಾಳಿಯ ಸೂಪರ್‌ವೈಸರ್ ಒಂದು ಸಲ ನೋಡಿ, ಇದಕ್ಕೆ ಇಲ್ಲಿನ ಕೆಲಸ ಗೊತ್ತಿಲ್ಲ ಎಂದು ಪರದೆ ಮುಚ್ಚುತ್ತಾರೆ. ಅಲ್ಲಿಂದಾಚೆಗೆ ಅವರ ವಿಶ್ವಾಸವನ್ನು ಮರಳಿ ಗಳಿಸುವುದು ಬಹಳ ಕಷ್ಟ. ಆದ್ದರಿಂದ ಗುತ್ತಿಗೆಗೆ ಸಹಿ ಹಾಕುವ ಮುನ್ನ ನೀವೇ ಡಾಕಿನ ಬಳಿ ಒಂದಿಡೀ ಪಾಳಿ ನಿಂತು, ಗಡಿಯಾರ ನೋಡಿ ಬರೆದ ಹೊತ್ತುಗಳನ್ನು ಇಆರ್‌ಪಿಯ ಹೊತ್ತುಗಳ ಪಕ್ಕದಲ್ಲಿಟ್ಟು ನೋಡಿ ಎಂದು ಒತ್ತಿ ಹೇಳುತ್ತೇನೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ, ಸಿಗುವ ತಿಳಿವಳಿಕೆ ಮಾತ್ರ ಅಪಾರ.

ಟ್ವಿನ್ ತಪ್ಪುತ್ತಿದೆಯೇ ಎಂದು ಪರೀಕ್ಷಿಸಲು ಒಂದು ಸರಳ ಉಪಾಯವೂ ಇದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಸ್ಥಿರವಾಗಿ ನಡೆಯುತ್ತಿರುವ ಯಾವುದೇ ವ್ಯವಸ್ಥೆಯೊಳಗೆ ಇರುವ ವಸ್ತುಗಳ ಸರಾಸರಿ ಸಂಖ್ಯೆಯು, ಅವು ಒಳಬರುವ ದರವನ್ನು ಒಳಗೆ ಕಳೆಯುವ ಸರಾಸರಿ ಸಮಯದಿಂದ ಗುಣಿಸಿದಷ್ಟಿರುತ್ತದೆ. ಗಂಟೆಗೆ 12 ಲಾರಿಗಳು ಬಂದು ಪ್ರತಿಯೊಂದೂ ಒಂದೂವರೆ ಗಂಟೆ ಅಂಗಳದಲ್ಲಿದ್ದರೆ, ಅಂಗಳದಲ್ಲಿ ಸರಾಸರಿ 18 ಲಾರಿಗಳಿರಬೇಕು. ಬೇರೆ ಬೇರೆ ಹೊತ್ತಿನಲ್ಲಿ ಹೊರಗೆ ಹೋಗಿ ಎಣಿಸಿದಾಗ ಸರಾಸರಿ 27 ಕಂಡರೆ, ಎಲ್ಲೋ ಒಂದು ಘಟನೆ ದಾಖಲಾಗುತ್ತಿಲ್ಲ ಅಥವಾ ತಡವಾಗಿ ದಾಖಲಾಗುತ್ತಿದೆ ಎಂದರ್ಥ. ಮಾದರಿ ಎಷ್ಟೇ ಸಂಕೀರ್ಣವಾಗಿರಲಿ, ಈ ಲೆಕ್ಕದಿಂದ ಅದು ತಪ್ಪಿಸಿಕೊಳ್ಳಲಾರದು. ಇದಾದ ಮೇಲೆ, ಕಳೆದ ತಿಂಗಳ ಯಾವುದಾದರೂ ದಿನದ ಬೆಳಗಿನ ಸ್ಥಿತಿಯನ್ನು ಟ್ವಿನ್‌ಗೆ ಕೊಟ್ಟು ಸಂಜೆಯವರೆಗೆ ಓಡಿಸಿ, ಅದು ಹೇಳಿದ್ದನ್ನೂ ನಿಜವಾಗಿ ನಡೆದದ್ದನ್ನೂ ಹೋಲಿಸಬೇಕು. ಆರಾಮದ ದಿನಗಳನ್ನಷ್ಟೇ ಆರಿಸಬೇಡಿ. ಜನ ಕಡಿಮೆಯಿದ್ದ ದಿನ, ಸರಕು ತಡವಾದ ದಿನ, ತಿಂಗಳ ಕೊನೆಯ ನೂಕುನುಗ್ಗಲಿನ ದಿನ, ಇಂಥವುಗಳಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಮುಖ್ಯ.

ಇಡೀ ಜಾಲದ ಮಟ್ಟದಲ್ಲಿ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ, ಅಲ್ಲಿ ಪ್ರಶ್ನೆಗಳು ಬೇರೆ. 2021ರ ಮಾರ್ಚ್ 23ರಂದು ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡು 29ರವರೆಗೆ ದಾರಿ ಮುಚ್ಚಿದಾಗ, ನಮ್ಮ ಯಾವ ಸರಕು ಯಾವ ಹಡಗಿನಲ್ಲಿದೆ, ಅದಿಲ್ಲದೆ ಎಷ್ಟು ದಿನ ನಡೆಯುತ್ತದೆ ಎಂಬ ಪ್ರಶ್ನೆ ಅನೇಕ ಕಂಪನಿಗಳ ಮುಂದೆ ಎದ್ದಿತು. ಎಂಐಟಿಯ ಡೇವಿಡ್ ಸಿಮ್ಚಿ-ಲೆವಿ ಮತ್ತು ಸಂಗಡಿಗರು ಫೋರ್ಡ್ ಕಂಪನಿಯೊಂದಿಗೆ ರೂಪಿಸಿದ ವಿಧಾನ ಇಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು. ಒಬ್ಬ ಪೂರೈಕೆದಾರ ಏಕೆ ನಿಂತುಹೋಗಬಹುದು, ಅದರ ಸಂಭವ ಎಷ್ಟು ಎಂದು ಊಹಿಸುವ ಬದಲು, ನಿಂತರೆ ಮತ್ತೆ ಶುರುವಾಗಲು ಎಷ್ಟು ಕಾಲ ಬೇಕು ಮತ್ತು ಅಲ್ಲಿಯವರೆಗೆ ಇರುವ ದಾಸ್ತಾನಿನಲ್ಲಿ ಎಷ್ಟು ಕಾಲ ತಳ್ಳಬಹುದು ಎಂಬ ಎರಡನ್ನೇ ಲೆಕ್ಕ ಹಾಕಲಾಗುತ್ತದೆ. ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚಾದ ಜಾಗವೇ ಅಪಾಯದ ಜಾಗ, ಮತ್ತು ಅಷ್ಟೇನೂ ಹಣ ಖರ್ಚಾಗದ ಸಣ್ಣ ಬಿಡಿಭಾಗಗಳ ಪೂರೈಕೆದಾರರೂ ಈ ಪಟ್ಟಿಯಲ್ಲಿ ಮೇಲೆ ಬರಬಹುದು. ಇದಕ್ಕೆ ಕ್ಷಣಕ್ಷಣದ ಸೆನ್ಸರ್ ಮಾಹಿತಿಯ ಅಗತ್ಯವೂ ಇಲ್ಲ, ವಾರಕ್ಕೊಮ್ಮೆ ನವೀಕರಿಸಿದರೆ ಸಾಕು. ಬಂದರುಗಳದು ಇದಕ್ಕೆ ವಿರುದ್ಧ. 2018ರಲ್ಲಿ ರೋಟರ್‌ಡಾಮ್ ಬಂದರು ಐಬಿಎಂ ಜೊತೆಗೂಡಿ ಆರಂಭಿಸಿದ ಯೋಜನೆಯಲ್ಲಿ ನೀರಿನ ಮಟ್ಟ, ಸೆಳೆತ, ಗಾಳಿಯ ಮಾಹಿತಿಯನ್ನು ಸೆನ್ಸರ್‌ಗಳಿಂದ ನಿರಂತರವಾಗಿ ಪಡೆಯುವುದೇ ಆಧಾರ, ಏಕೆಂದರೆ ಹಡಗು ಯಾವ ಹೊತ್ತಿಗೆ ಒಳಬರಬಹುದು ಎಂಬುದು ಅವುಗಳನ್ನೇ ಅವಲಂಬಿಸಿದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಗಬೇಕಾದ ಲಸಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮಾಹಿತಿ ಎಷ್ಟು ಬೇಗ ಬೇಕು ಎಂಬುದನ್ನು ನಿಮ್ಮ ನಿರ್ಧಾರ ಹೇಳಬೇಕು, ಮಾರುವವರಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಮೂರರಲ್ಲಿ ಅತಿ ಹೆಚ್ಚು ಒತ್ತಡವಿರುವ ಗೋದಾಮನ್ನು ಆರಿಸಿ, ಡಾಕ್‌ಗಳ ಹಂಚಿಕೆ ಮತ್ತು ಪಾಳಿಯ ಜನಬಲ ಎಂಬ ಒಂದೇ ನಿರ್ಧಾರಕ್ಕೆ ಟ್ವಿನ್ ಕಟ್ಟಿಸುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ಮೊದಲ ಕೆಲವು ತಿಂಗಳು ಅದು ಸಲಹೆ ಕೊಡಲಿ, ನಿರ್ಧಾರ ಸೂಪರ್‌ವೈಸರ್ ಕೈಯಲ್ಲೇ ಇರಲಿ. ಅವರು ಸಲಹೆಯನ್ನು ಬದಿಗಿಟ್ಟಾಗಲೆಲ್ಲ ಕಾರಣವನ್ನು ಒಂದು ಸಾಲಿನಲ್ಲಿ ದಾಖಲಿಸುವ ವ್ಯವಸ್ಥೆ ಮಾಡಿ. ಈ ಡ್ರೈವರ್ ಸರಕನ್ನು ಹಿಂದುಮುಂದಾಗಿ ತುಂಬಿಕೊಂಡು ಬರುತ್ತಾನೆ, ಮೂರನೆಯ ಡಾಕಿನ ಮುಂದೆ ಉದ್ದದ ಲಾರಿ ತಿರುಗುವುದಿಲ್ಲ ಎಂಬಂಥ, ಯಾವ ಇಆರ್‌ಪಿಯಲ್ಲೂ ಇಲ್ಲದ ತಿಳಿವಳಿಕೆ ಅಲ್ಲಿಂದಲೇ ಮಾದರಿಯೊಳಗೆ ಬರಬೇಕು. ಹೊರಗಿನ ಸಾಗಣೆದಾರರ ಮಾಹಿತಿಯನ್ನು ಆಮೇಲೆ ಸೇರಿಸಿಕೊಳ್ಳಬಹುದು. ಆಗ ಬಾರ್‌ಕೋಡ್‌ಗಳ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಜಿಎಸ್1 ಸಂಸ್ಥೆಯ, ಸರಕಿನ ಘಟನೆಗಳನ್ನು ಹಂಚಿಕೊಳ್ಳುವ ಇಪಿಸಿಐಎಸ್ ಮಾನದಂಡದಂತೆ ಏನು, ಯಾವಾಗ, ಎಲ್ಲಿ, ಏಕೆ ಎಂಬ ರೂಪದಲ್ಲಿ ಘಟನೆಗಳನ್ನು ಪಡೆದುಕೊಂಡರೆ, ಪ್ರತಿಯೊಬ್ಬ ಸಾಗಣೆದಾರನಿಗೂ ಬೇರೆ ಬೇರೆ ಜೋಡಣೆ ಮಾಡುವ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಆ ಸಂಸ್ಥೆಯವರ ಮುಂದೆ ಎರಡು ಬೇಡಿಕೆ ಇಡಿ. ನಿಮ್ಮದೇ ಹಳೆಯ ದಿನಗಳ ಮೇಲೆ, ಆ ದಿನ ಏನಾಯಿತೆಂದು ಅವರಿಗೆ ಮೊದಲೇ ತಿಳಿಸದೆ, ಟ್ವಿನ್ ಓಡಿಸಿ ತೋರಿಸಲಿ. ಎರಡನೆಯದಾಗಿ, ಸಂಗ್ರಹವಾದ ಘಟನೆಗಳ ಮಾಹಿತಿ ಮತ್ತು ಮಾದರಿಯ ನಿಯಮಗಳು, ಒಪ್ಪಂದ ಮುಗಿದರೂ ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲಿ ನಿಮ್ಮ ಬಳಿಯೇ ಉಳಿಯುತ್ತವೆ ಎಂದು ಗುತ್ತಿಗೆಯಲ್ಲಿ ಬರೆದುಕೊಡಲಿ. ಮೊದಲನೆಯದಕ್ಕೆ ಅವರು ಒಪ್ಪಿದರೆ, ಹೋಲಿಕೆಗೆ ಬೇಕಾದ ದಿನಗಳನ್ನು ಸೂಪರ್‌ವೈಸರ್‌ಗಳೇ ಆರಿಸಲಿ, ಏಕೆಂದರೆ ಯಾವ ದಿನ ನಿಜವಾಗಿ ಕಷ್ಟದ್ದಾಗಿತ್ತು ಎಂಬುದು ಅವರಿಗೆ ಚೆನ್ನಾಗಿ ನೆನಪಿರುತ್ತದೆ.