ಜಿಂಕೆ ಬೇಟೆಗೆ ಹಳೆಯ .30-06 ಸಾಕೇ, ಹೊಸ 6.5 ಕ್ರೀಡ್‌ಮೋರ್ ಬೇಕೇ?

ನಿಮ್ಮ ತಮ್ಮ ಟೆಕ್ಸಾಸಿನ ಆಸ್ಟಿನ್‌ನಲ್ಲಿದ್ದಾರೆ, ಅಲ್ಲಿ ಚುಕ್ಕೆ ಜಿಂಕೆ ಬೇಟೆಗೆ ಹೋಗಬೇಕೆಂದಿದ್ದಾರೆ, ಪರಿಚಯದವರು ಹಳೆಯ .30-06 ರೈಫಲ್ ಕೊಡುತ್ತೇನೆ ಎನ್ನುತ್ತಾರೆ, ಅಂಗಡಿಯವರು 6.5 ಕ್ರೀಡ್‌ಮೋರ್ ತಗೊಳ್ಳಿ ಎನ್ನುತ್ತಾರೆ (ಎರಡೂ ತೋಟೆಯ ಹೆಸರು, ರೈಫಲನ್ನೂ ಅದರಿಂದಲೇ ಕರೆಯುತ್ತಾರೆ), ಯಾವುದು ಸರಿ ಎಂದು ಶಿರಸಿಯಿಂದ ಕೇಳಿದ್ದೀರಿ. 200 ಗಜದೊಳಗೆ ಜಿಂಕೆಗೆ ಎರಡರಲ್ಲೂ ಫರಕಿಲ್ಲ. ಹೊಸದಾಗಿ ಕಲಿಯುವವರಿಗೆ ನಾನು ಕ್ರೀಡ್‌ಮೋರ್ ಎನ್ನುತ್ತೇನೆ, ಆದರೆ ದೂರದ ಗುರಿಗೆಂದಲ್ಲ, ಒದೆತ ಕಡಿಮೆಯೆಂದು.

ಮೊದಲೇ ಹೇಳಿಬಿಡುತ್ತೇನೆ, ಇದೆಲ್ಲ ಅಲ್ಲಿಯ ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಗೆ ಈಡು ಹೊಡೆಯುವುದು ಅಪರಾಧ. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿ ಲೈಸೆನ್ಸ್ ಬೇಟೆಯ ಪರವಾನಗಿಯಲ್ಲ. ಟೆಕ್ಸಾಸಿಗೆ ಚುಕ್ಕೆ ಜಿಂಕೆಯನ್ನು 1932ರಲ್ಲಿ ಹೊರಗಿನಿಂದ ತಂದು ಬಿಟ್ಟರು. ಈಗ ಅಲ್ಲಿ ಅದು ಪರದೇಶಿ ಪ್ರಾಣಿಯ ಲೆಕ್ಕ, ಋತುವಿನ ನಿರ್ಬಂಧವಿಲ್ಲ.

.30-06 ಬಂದದ್ದು 1906ರಲ್ಲಿ. 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 2,900 ಅಡಿ ವೇಗದಲ್ಲಿ ಹೊರಡುತ್ತದೆ. 2007ರ ಕ್ರೀಡ್‌ಮೋರ್ 143 ಗ್ರೇನ್ ಗುಂಡನ್ನು ಸುಮಾರು 2,700 ಅಡಿ ವೇಗದಲ್ಲಿ ಕಳಿಸುತ್ತದೆ. ಹೊಸತು ನಿಧಾನವೇ. ಆದರೆ ಅದರ ಗುಂಡು ಸಪೂರ, ಉದ್ದ. ಗಾಳಿಯನ್ನು ಚೆನ್ನಾಗಿ ಸೀಳುತ್ತದೆ. ಅಂಥ ಉದ್ದ ಗುಂಡು ಸ್ಥಿರವಾಗಿ ಹಾರಲೆಂದು ನಳಿಗೆಯೊಳಗಿನ ಸುರುಳಿಯನ್ನು 8 ಇಂಚಿಗೆ ಒಂದು ಸುತ್ತು ಬರುವಂತೆ ಬಿಗಿ ಮಾಡಿದ್ದಾರೆ. .30-06ರಲ್ಲಿ ಸಾಮಾನ್ಯವಾಗಿ 10 ಇಂಚಿಗೊಂದು ಸುತ್ತು.

ಇದರ ಲಾಭ ಎಲ್ಲಿ ಕಾಣುತ್ತದೆ? ಎರಡನ್ನೂ 200 ಗಜಕ್ಕೆ ಗುರಿ ಕೂಡಿಸಿದರೆ, ಅಂದರೆ ಆ ದೂರಕ್ಕೆ ಗುಂಡು ಸರಿಯಾಗಿ ಬೀಳುವಂತೆ ರೈಫಲ್ ಮೇಲಿನ ದುರ್ಬೀನು (ಸ್ಕೋಪು) ಹೊಂದಿಸಿದರೆ, 300 ಗಜದಲ್ಲಿ ಎರಡೂ 7ರಿಂದ 8 ಇಂಚು ಕೆಳಗೆ ಬೀಳುತ್ತವೆ. ಗಂಟೆಗೆ 10 ಮೈಲಿ ಅಡ್ಡಗಾಳಿಯಿದ್ದರೆ ಅದೇ ದೂರಕ್ಕೆ .30-06 ಸುಮಾರು 7 ಇಂಚು ಸರಿಯುತ್ತದೆ, ಕ್ರೀಡ್‌ಮೋರ್ ಸುಮಾರು 5. ಜಿಂಕೆಯ ಹೃದಯ-ಶ್ವಾಸಕೋಶದ ಜಾಗ ಸುಮಾರು 8 ಇಂಚು ಅಗಲ. 400 ಗಜ ದಾಟಿದ ಮೇಲೆ ಈ ವ್ಯತ್ಯಾಸ ದೊಡ್ಡದಾಗುತ್ತದೆ, ಆದರೆ ಹೊಸಬರು ಅಷ್ಟು ದೂರದ ಜಿಂಕೆಗೆ ಈಡು ಹೊಡೆಯಲೇಬಾರದು.

ನಿಜವಾದ ಫರಕು ಒದೆತದಲ್ಲಿ. 8 ಪೌಂಡಿನ ರೈಫಲ್‌ನಲ್ಲಿ .30-06 ಸುಮಾರು 20 ಅಡಿ-ಪೌಂಡ್ ಒದೆಯುತ್ತದೆ, ಕ್ರೀಡ್‌ಮೋರ್ 12-13. ಹೆಗಲು ನೋಯತೊಡಗಿದರೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ಅಭ್ಯಾಸವೂ ಹತ್ತು ತೋಟೆಗೆ ನಿಲ್ಲುತ್ತದೆ. ಗಾಯಗೊಂಡ ಜಿಂಕೆ ಓಡಿಹೋಗುವುದು ಹೆಚ್ಚಾಗಿ ಇದರಿಂದಲೇ, ತೋಟೆ ಹಳೆಯದೆಂದಲ್ಲ.

1895ರ .30-30 ಕೂಡ ಪೊದೆಗಾಡಿನಲ್ಲಿ 150 ಗಜದ ತನಕ ಪೂರ್ತಿ ಸಾಕು. ಅದರ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುವುದರಿಂದ ಚೂಪು ಲೋಹದ ತುದಿ ಹಾಕಬಾರದು. ಒದೆತಕ್ಕೆ ಮುಂದಿನ ತೋಟೆಯ ಕೇಪು ಸಿಡಿಯಬಹುದು. ಚಪ್ಪಟೆ ಮೂಗಿನದು ಅಥವಾ ಮೆತ್ತನೆ ಪಾಲಿಮರ್ ತುದಿಯದು ಮಾತ್ರ.

ತೋಟೆಯ ಹೆಸರಿಗಿಂತ ಗುಂಡಿನ ಜಾತಿ ಮುಖ್ಯ. ಸೀಸದ ಮೇಲೆ ತೆಳು ತಾಮ್ರ ಹೊದೆಸಿದ ಸಾಧಾರಣ ಗುಂಡು 50 ಗಜದಲ್ಲಿ ಭುಜದ ಮೂಳೆಗೆ ಬಿದ್ದರೆ ಚೂರಾಗಬಹುದು, ಮಾಂಸವೆಲ್ಲ ರಕ್ತಗಟ್ಟಿ ಹಾಳು. .30-06 ತಗೊಂಡರೆ 165 ಗ್ರೇನಿನ, ಸೀಸ ಮತ್ತು ಕವಚ ಬೆಸೆದ ಬಾಂಡೆಡ್ ಗುಂಡು ಒಳ್ಳೆಯದು. ಪೂರ್ತಿ ತಾಮ್ರದ ಗುಂಡಾದರೆ ಮಾಂಸದಲ್ಲಿ ಸೀಸದ ಚೂರಿನ ಭಯವಿಲ್ಲ, ಆದರೆ ವೇಗ 2,000 ಅಡಿಗಿಂತ ಕೆಳಗಿಳಿದರೆ ಗುಂಡಿನ ತುದಿ ಒಳಗೆ ಅಗಲವಾಗಿ ಅರಳುವುದು ಅನುಮಾನ. ಮಿಲಿಟರಿಯ ಪೂರ್ಣ ಕವಚದ್ದು ಬೇಡವೇ ಬೇಡ. ಅದು ಅರಳದೆ ತೂತು ಕೊರೆದು ಹೊರಟುಹೋಗುತ್ತದೆ, ಜಿಂಕೆ ಎಲ್ಲೋ ದೂರ ಹೋಗಿ ನರಳಿ ಸಾಯುತ್ತದೆ.

ಗುರಿ ಕೂಡಿಸುವಾಗ ಮೊದಲು 25 ಗಜ. ಕಾಲು-ಎಂಒಎ (ಒಂದು ಕ್ಲಿಕ್‌ಗೆ 100 ಗಜದಲ್ಲಿ ಸುಮಾರು ಕಾಲು ಇಂಚು ಸರಿಯುವ) ಸ್ಕೋಪಿನಲ್ಲಿ ಆ ದೂರಕ್ಕೆ ಒಂದು ಇಂಚು ಸರಿಸಲು 16 ಕ್ಲಿಕ್ ಬೇಕು, 100 ಗಜದಲ್ಲಿ 4 ಸಾಕು. ಈ ಲೆಕ್ಕ ತಿಳಿಯದೆ ಬಾಕ್ಸುಗಟ್ಟಲೆ ತೋಟೆ ಸುಡುವವರಿದ್ದಾರೆ. 100 ಗಜದಲ್ಲಿ ಮೂರು ಮೂರು ಈಡಿನ ಗುಂಪು ನೋಡಿ, 200 ಗಜಕ್ಕೆ ಸರಿಹೋಗಲು ಸುಮಾರು ಒಂದೂಮುಕ್ಕಾಲು ಇಂಚು ಮೇಲಕ್ಕೆ ನಿಲ್ಲಿಸಿ. ನಡುವೆ ನಳಿಗೆ ತಣಿಯಲಿ. ಬ್ರ್ಯಾಂಡ್ ಅಥವಾ ಗ್ರೇನ್ ಬದಲಾದರೆ ಮತ್ತೆ ಮೊದಲಿನಿಂದ.

ಹಳೆಯ ರೈಫಲ್ ಕೊಳ್ಳುವುದಾದರೆ ನಳಿಗೆಯ ಮೇಲೆ ಕೆತ್ತಿದ ಹೆಸರೂ ತೋಟೆ ಬಾಕ್ಸಿನ ಹೆಸರೂ ಅಕ್ಷರಶಃ ಒಂದೇ ಇರಬೇಕು. .308 ತೋಟೆಯ ಗುಂಡು .30-06ರಷ್ಟೇ ದಪ್ಪ, ತೋಟೆ ಮಾತ್ರ ಅರ್ಧ ಇಂಚು ಗಿಡ್ಡ. ಅದು .30-06ರೊಳಗೆ ಕೂತುಬಿಡುತ್ತದೆ; ಹೊಡೆದರೆ ಹಿತ್ತಾಳೆ ಸೀಳಿ ಬಿಸಿ ಗ್ಯಾಸ್ ಮುಖದ ಕಡೆ ಬರಬಹುದು.

ಇನ್ನೊಂದು: ತಮ್ಮ ಎಚ್-1ಬಿ ವೀಸಾದಲ್ಲಿದ್ದರೆ, ಅಲ್ಲಿಯ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇಲ್ಲದೆ ರೈಫಲ್ಲಾಗಲಿ ತೋಟೆಯಾಗಲಿ ಹೊಂದುವುದು ಸಾಮಾನ್ಯವಾಗಿ ಫೆಡರಲ್ ಅಪರಾಧ. ಟೆಕ್ಸಾಸಿನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ನಂತರ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಕೋರ್ಸ್ ಕೂಡ ಬೇಕು. ರೈಫಲ್‌ಗೆ ಮುಂಗಡ ಕೊಡುವ ಮೊದಲು ಇವೆರಡನ್ನೂ ಮುಗಿಸಿಕೊಳ್ಳಲು ಹೇಳಿ.