ಓದುಗರ ಪ್ರಶ್ನೆ: ಸೆಖೆ ಅಳೆಯಲು ಮೊಬೈಲ್ ಸಾಕೇ?

ಪ್ರಶ್ನೆ: ಏಪ್ರಿಲ್ ಮಧ್ಯಾಹ್ನ ಹವಾಮಾನದ ಆ್ಯಪ್ 35 ಡಿಗ್ರಿ ಎನ್ನುತ್ತದೆ. ಕೆ.ಆರ್. ಮಾರ್ಕೆಟ್ ಬಸ್ ಸ್ಟಾಪಿನಲ್ಲಿ ನಿಂತರೆ ಅದಕ್ಕಿಂತ ಎಷ್ಟೋ ಹೆಚ್ಚು ಅನ್ನಿಸುತ್ತದೆ. ಆ್ಯಪ್ ಸುಳ್ಳು ಹೇಳುತ್ತಿದೆಯೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಸುಳ್ಳಲ್ಲ, ಆದರೆ ಅದು ನೀವು ನಿಂತ ಜಾಗದ ಲೆಕ್ಕವೂ ಅಲ್ಲ. ಹವಾಮಾನ ಕೇಂದ್ರಗಳ ಅಳತೆಗೆ ಕಂಪ್ಯೂಟರ್ ಅಂದಾಜು ಸೇರಿಸಿ, ಇಡೀ ಬಡಾವಣೆಗೆ ಒಂದೇ ಸಂಖ್ಯೆ ಕೊಡುತ್ತಾರೆ. ಕೇಂದ್ರದ ಥರ್ಮಾಮೀಟರ್ ಇರುವುದು ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ದಾಖಲಾದ 39.2 ಡಿಗ್ರಿಯೂ ಅಂಥ ನೆರಳಿನ ಅಳತೆಯೇ. ನಿಮಗೆ ತಟ್ಟುವುದು ಅದರ ಜೊತೆಗೆ ನೆತ್ತಿ ಸುಡುವ ಬಿಸಿಲು, ಟಾರು ರಸ್ತೆಯ ಕಾವು, ಬಸ್ಸಿನ ಇಂಜಿನ್ ಝಳ.

ಹೊರಗಿನ ಗಾಳಿಯ ಬಿಸಿ ಅಳೆಯುವ ಸೆನ್ಸರ್ 2013ರ ಗ್ಯಾಲಕ್ಸಿ ಎಸ್4 ಫೋನಿನಲ್ಲಿತ್ತು. ಈಗಿನ ಬಹುತೇಕ ಫೋನುಗಳಲ್ಲಿ ಇಲ್ಲ. ಫೋನಿಗೆ ಗೊತ್ತಿರುವುದು ಬ್ಯಾಟರಿಯಂಥ ತನ್ನ ಒಳಭಾಗಗಳ ಬಿಸಿ ಮಾತ್ರ. ಅದು ಚಾರ್ಜಿಗೆ ಹಾಕಿದರೂ ಏರುತ್ತದೆ, ವಿಡಿಯೊ ನೋಡಿದರೂ ಏರುತ್ತದೆ.

ಪ್ರಶ್ನೆ: ಪೌರಕಾರ್ಮಿಕರು, ತಳ್ಳುಗಾಡಿ ವ್ಯಾಪಾರಿಗಳು ಸೇರಿ 20 ಜನ ದಿನವಿಡೀ ಎಷ್ಟು ಸೆಖೆ ತಡೆದುಕೊಳ್ಳುತ್ತಾರೆಂದು ನಮ್ಮ ಎನ್ಎಸ್ಎಸ್ ತಂಡ ಒಂದು ವಾರ ಅಳೆಯಬೇಕೆಂದಿದೆ. ಹೇಗೆ ಮಾಡಬೇಕು?
– ಉಪನ್ಯಾಸಕರು, ವಿಜಯನಗರ

ಉತ್ತರ: ಫೋನಿಗೆ ಎರಡೇ ಕೆಲಸ ಕೊಡಿ: ಅವರು ಎಲ್ಲಿದ್ದಾರೆ, ಅವರಿಗೆ ಹೇಗನ್ನಿಸುತ್ತಿದೆ. ಬಿಸಿಯನ್ನು ಲಾಗರ್, ಅಂದರೆ ಅಳತೆಗಳನ್ನು ತಾನೇ ದಾಖಲಿಸಿಕೊಳ್ಳುವ ಪುಟ್ಟ ಸಾಧನ, ಅಳೆಯಲಿ. ಗುಂಡಿಯಷ್ಟೇ ಇರುವ ಐಬಟನ್ ಡಿಎಸ್1923 ತಾಪಮಾನ, ತೇವಾಂಶ ಎರಡನ್ನೂ ಬರೆದಿಟ್ಟುಕೊಳ್ಳುತ್ತದೆ. ಸೂಕ್ಷ್ಮ ಅಳತೆಯಲ್ಲಿ ಅದರಲ್ಲಿ 2048 ಜೋಡಿ ಅಂಕಿ ಹಿಡಿಯುತ್ತದೆ. 5 ನಿಮಿಷಕ್ಕೊಂದರಂತೆ ವಾರಕ್ಕೆ 2016 ಬೇಕು. ಅಂಚಿನಲ್ಲಿ ಸಾಲುತ್ತದೆ. ಹಾಗಾಗಿ ಹಂಚುವ ಹೊತ್ತಿಗೇ ಶುರುವಾಗುವಂತೆ ಹೊಂದಿಸಿ, ಹಿಂದಿನ ದಿನವೇ ಅಲ್ಲ.

ಅದಕ್ಕೂ ಮೊದಲು ಎಲ್ಲ ಲಾಗರುಗಳನ್ನು ಒಂದೇ ಮೇಜಿನ ಮೇಲೆ, ಫ್ಯಾನ್ ಗಾಳಿಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು ಹೋಲಿಸಿ. ಸರಾಸರಿಗಿಂತ 0.4 ಡಿಗ್ರಿ ಹೆಚ್ಚು ತೋರಿಸುವ ಲಾಗರಿನ ಅಂಕಿಗಳಿಂದ ಕೊನೆಗೆ ಅಷ್ಟನ್ನು ಕಳೆಯಬೇಕು. ಈ ದಾಖಲೆ ಇಳಿಸಿಕೊಂಡು, ಲಾಗರ್ ಖಾಲಿ ಮಾಡಿ ಹಂಚಿ.

ಜೇಬಿನಲ್ಲಿಟ್ಟರೆ ಅದು ಮೈಯ ಕಾವನ್ನೇ ಅಳೆಯುತ್ತದೆ. ಬರಿದೇ ಬಿಸಿಲಿಗೆ ಬಿಟ್ಟರೆ ಲೋಹದ ಬಿಲ್ಲೆಯೇ ಕಾಯುತ್ತದೆ. ತೂತು ಕೊರೆದ ಬಿಳಿ ಪ್ಲಾಸ್ಟಿಕ್ ಕಪ್ಪನ್ನು ಬೋರಲು ಹಾಕಿ, ಅದರೊಳಗೆ ಲಾಗರನ್ನು ದಾರದಲ್ಲಿ ತೂಗಿಬಿಡಿ. ವ್ಯಾಪಾರಿಗಳಾದರೆ ಕೈಚೀಲದ ಪಟ್ಟಿಗೆ, ಪೌರಕಾರ್ಮಿಕರಾದರೆ ಮೇಲಂಗಿಯ ಹೊರಬದಿಗೆ, ಮೈಗೆ ತಾಗದ ಹಾಗೆ ಕಟ್ಟಿ. ರಾತ್ರಿ ದೂರ ತೆಗೆದಿಡಬೇಡಿ ಎನ್ನಿ. ಹಾಸಿಗೆಯ ಪಕ್ಕ ಇರಲಿ, ಫ್ರಿಜ್ ಅಥವಾ ಟಿವಿ ಮೇಲಲ್ಲ. ಶೀಟಿನ ಮನೆಯ ರಾತ್ರಿಯ ಸೆಖೆ ಸರ್ಕಾರಿ ಅಂಕಿಗಳಲ್ಲಿ ಎಲ್ಲೂ ಕಾಣುವುದಿಲ್ಲ, ನಮ್ಮ ಪ್ರಕಾರ ಇಂಥ ಅಧ್ಯಯನದ ಬಹುದೊಡ್ಡ ಲಾಭವೇ ಅದು.

ಪ್ರಶ್ನಾವಳಿಗೆ ಒಡಿಕೆ ಕಲೆಕ್ಟ್ ಎಂಬ ಆ್ಯಪ್ ಚೆನ್ನ: ಕನ್ನಡದಲ್ಲೇ ತುಂಬಬಹುದು, ನೆಟ್ ಬೇಕಿಲ್ಲ. ದಿನಕ್ಕೆ 4 ಸಲ, ಮೂರೇ ಪ್ರಶ್ನೆ: ಬಿಸಿಲಲ್ಲಿದ್ದೀರೋ ನೆರಳಲ್ಲೋ, ನೀರು ಕುಡಿದು ಎಷ್ಟು ಹೊತ್ತಾಯಿತು, ಸೆಖೆ ಹೇಗಿದೆ. ಬಿಸಿಲಿನ ಪ್ರಶ್ನೆ ಬಿಡಲೇಬೇಡಿ, ಕಪ್ಪಿನೊಳಗಿನ ಲಾಗರಿಗೆ ನೇರ ಬಿಸಿಲು ಗೊತ್ತಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ನೆನಪಿಸಲು ಫೋನಿನಲ್ಲಿ ಅಲಾರಂ ಇಟ್ಟುಕೊಡಿ. ಓದಲು ಬಾರದವರಿಗೆ ಸ್ವಯಂಸೇವಕರು ಕರೆ ಮಾಡಿ ಕೇಳಲಿ.

ಕೆಡುವುದು ಹೆಚ್ಚಾಗಿ ಎರಡು ಕಡೆ. ಜಾಗ ದಾಖಲಿಸುವ ಜಿಪಿಎಸ್‌ಲಾಗರ್ ಆ್ಯಪನ್ನು ಫೋನಿನ ಬ್ಯಾಟರಿ ಉಳಿತಾಯ ವ್ಯವಸ್ಥೆ ಸದ್ದಿಲ್ಲದೆ ನಿಲ್ಲಿಸಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆದು, ಮರುದಿನವೇ ದಾಖಲೆ ನೋಡಿ. ಇನ್ನೊಂದು ಗಡಿಯಾರ. ಜಿಪಿಎಸ್ ಕಡತದಲ್ಲಿ ಸಾಮಾನ್ಯವಾಗಿ ಜಾಗತಿಕ ಸಮಯ ಇರುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಸರಿಪಡಿಸದೆ ಲಾಗರಿನ ಅಂಕಿಗೆ ಜೋಡಿಸಿದರೆ, ಮಧ್ಯಾಹ್ನ 2ಕ್ಕೆ ನಿಂತಿದ್ದ ಜಾಗಕ್ಕೆ ಬೆಳಗ್ಗೆ 8.30ರ ತಂಪು ಅಂಟಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಬೀದಿಯ ಎಷ್ಟೋ ಹೆಂಗಸರಿಗೆ ಸ್ವಂತ ಫೋನಿಲ್ಲ. ಇಂಥ ಅಳತೆಯಿಂದ ಅವರನ್ನು ಬಿಡಬೇಕೇ?
– ಅಂಗನವಾಡಿ ಕಾರ್ಯಕರ್ತೆ, ಲಗ್ಗೆರೆ

ಉತ್ತರ: ಖಂಡಿತ ಬಿಡಬೇಡಿ. ಗಂಡನ ಜೊತೆ ಹೋಗುವ ಫೋನಿನ ಜಾಡನ್ನು ಹೆಂಡತಿಯದೆಂದು ಬರೆಯುವುದೂ ಬೇಡ. ಅವರಿಗೆ ಲಾಗರ್ ಕೊಡಿ. ಜಾಗ ಗುರುತಿಸಲು ಗಂಟೆಗೊಂದು ಚೌಕವಿರುವ ಕಾಗದ ಕೊಡಿ, ಅದರಲ್ಲಿ ಅಡುಗೆಮನೆ, ನಲ್ಲಿ, ಕೆಲಸದ ಮನೆಯ ಚಿತ್ರಗಳಿಗೆ ಟಿಕ್ ಹಾಕಿದರೆ ಸಾಕು. ಯಾರದೇ ಆಗಲಿ, ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಮೊದಲು ಓದಿ ಹೇಳಿ, ಹೆಸರು ಬೇರೆ ಪುಸ್ತಕದಲ್ಲಿಡಿ. ನಕ್ಷೆ ಹೊರಗೆ ಕೊಡುವ ಮುನ್ನ ಮನೆಯ ಸುತ್ತ 200 ಮೀಟರಿನ ಬಿಂದುಗಳನ್ನು ಅಳಿಸಿ.